ಕೆಟ್ಟತನ ಸೋಲುತ್ತದೆ ಎಂಬ ಮಾತಿಗೆ ಆಮೆನ್ ಹೇಳಲು ಆಗುತ್ತಿಲ್ಲ

ಅಕ್ಕ ಒಬ್ಬಳು:

ಎಲ್ಲರಿಗೂ ವಂದನೆಗಳು.

ಕಳೆದ ಭಾನುವಾರ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 21ನೇ ಅಧ್ಯಾಯ ಓದಿದರು. ದೇವರು ಕಣ್ಣೀರನ್ನೆಲ್ಲ ಒರಸುತ್ತಾನೆ, ಇನ್ನು ಮರಣ ಇರುವುದಿಲ್ಲ ಎನ್ನುವ ಭಾಗ. ಎಲ್ಲರೂ ಆಮೆನ್ ಅಂದರು. ನನಗೆ ಬಾಯಿ ಬರಲಿಲ್ಲ. ಎರಡು ಸಾಲು ಮುಂದೆ ನನ್ನ ತಂಗಿಯ ಗಂಡ ನಿಂತಿದ್ದ. ಅವನೂ ಆಮೆನ್ ಅಂದ. ಜೋರಾಗಿಯೇ ಅಂದ.

ಆರು ವರ್ಷ ಅವನು ನನ್ನ ತಂಗಿಗೆ ಹೊಡೆದಿದ್ದಾನೆ. ಬೇಸಿಗೆಯಲ್ಲೂ ಅವಳು ಉದ್ದ ತೋಳಿನ ಬಟ್ಟೆಯನ್ನೇ ಹಾಕುತ್ತಿದ್ದಳು. ಯಾಕೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ. ಎರಡು ವರ್ಷದ ಹಿಂದೆ ಅವಳ ಎಡಗೈ ಮುರಿಯಿತು. ಆಗ ಎಲ್ಲ ಹೇಳಿದಳು. ಸಭೆಯ ಹಿರಿಯರ ಹತ್ತಿರ ಹೋದೆವು. ಅವರು ಯೇಸು ಸ್ವಾಮಿ ಹೇಳಿದ ಗೋಧಿ ಮತ್ತು ಕಳೆಯ ಸಾಮ್ಯ (ನೀತಿಕಥೆ) ಓದಿದರು. ಕಳೆ ಕೀಳಲು ಹೋದರೆ ಗೋಧಿಯೂ ಕಿತ್ತು ಬರುತ್ತದೆ, ಸುಗ್ಗಿಯವರೆಗೆ ಬಿಡಿ, ತೀರ್ಪು ದೇವರದು ಎಂದರು. ಪ್ರಾರ್ಥನೆ ಮಾಡಿ ಕಳುಹಿಸಿದರು.

ತಂಗಿ ಈಗ ನನ್ನ ಜೊತೆ ಇದ್ದಾಳೆ. ಸಭೆಗೆ ಬರುವುದಿಲ್ಲ. ಅವನು ಬರುತ್ತಾನೆ.

ಸೈತಾನ ಸೋಲುತ್ತಾನೆ, ಕೆಟ್ಟದ್ದಕ್ಕೆ ಕೊನೆ ಇದೆ ಎಂದು ನಾನು ಚಿಕ್ಕಂದಿನಿಂದ ನಂಬಿಕೊಂಡು ಬಂದವಳು. ಈಗಲೂ ಆ ನಂಬಿಕೆ ಬಿಡಲು ಮನಸ್ಸಿಲ್ಲ. ಆದರೆ ಈ ವಾಗ್ದಾನ ನೊಂದವರ ಬಾಯಿ ಮುಚ್ಚಿಸಲು ಕೊಟ್ಟದ್ದಾ? ದಯವಿಟ್ಟು ಯೋಚಿಸಿ ಉತ್ತರಿಸಿ.

ಹಿಂದಿನ ಬೆಂಚು:

ಓದಿ ತುಂಬ ನೋವಾಯಿತು ಅಕ್ಕ. ನನಗೆ ಸಹಾಯವಾದ ಒಂದು ಹೋಲಿಕೆ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ 1944ರ ಜೂನ್ 6ರಂದು ಮಿತ್ರಪಡೆಗಳು ನಾರ್ಮಂಡಿ ತೀರಕ್ಕೆ ಇಳಿದವು. ಅಲ್ಲಿ ಕಾಲೂರಿದ ಮೇಲೆ ಯುದ್ಧ ಯಾವ ಕಡೆಗೆ ತಿರುಗಿದೆ ಎಂಬುದು ಸ್ಪಷ್ಟವಾಯಿತು. ಆದರೂ ಯುರೋಪಿನಲ್ಲಿ ಯುದ್ಧ ಮುಗಿದದ್ದು 1945ರ ಮೇ 8ಕ್ಕೆ. ಶಿಲುಬೆ ಮತ್ತು ಪುನರುತ್ಥಾನ ಆ ಮೊದಲ ದಿನ. ಕ್ರಿಸ್ತ ಮತ್ತೆ ಬರುವ ದಿನ ಎರಡನೆಯದು. ನಾವು ನಡುವೆ ಇದ್ದೇವೆ. ಶತ್ರು ಸೋತಿದ್ದಾನೆ, ಇನ್ನೂ ಆಯುಧ ಕೆಳಗಿಟ್ಟಿಲ್ಲ.

ಅಕ್ಕ ಒಬ್ಬಳು:

ಧನ್ಯವಾದ ತಮ್ಮ. ಇದನ್ನು ಪ್ರಸಂಗದಲ್ಲಿ ಕೇಳಿದ್ದೇನೆ. ಸುಳ್ಳು ಅನ್ನುವುದಿಲ್ಲ. ಆದರೆ ಆ ಎರಡು ದಿನಗಳ ನಡುವೆ ಹನ್ನೊಂದು ತಿಂಗಳು ಇದ್ದವಲ್ಲ, ಅದರಲ್ಲಿ ಒಂದು ಚಳಿಗಾಲವೂ ಇತ್ತು. ಆ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಸುಮಾರು 20,000 ಜನ ಹಸಿವಿನಿಂದ ಸತ್ತರು. ಯುದ್ಧ ಗೆದ್ದಾಗಿದೆ ಎಂದು ಅವರಿಗೆ ಹೇಳಿದರೆ ಹೊಟ್ಟೆ ತುಂಬುತ್ತಿತ್ತಾ? ನನ್ನ ತಂಗಿ ಆ ಚಳಿಗಾಲದಲ್ಲಿದ್ದಾಳೆ.

ಹಳೆಯ ಸಂಡೇ ಸ್ಕೂಲ್ ಟೀಚರ್:

ಅಮ್ಮಾ, ಮೊದಲು ಆ ಕಳೆಯ ಸಾಮ್ಯದ ಬಗ್ಗೆ ಹೇಳಿಬಿಡುತ್ತೇನೆ, ಅದನ್ನು ಓದಿ ನನಗೆ ಸಿಟ್ಟು ಬಂತು. ಮತ್ತಾಯ 13:38 ತೆಗೆಯಿರಿ. ಹೊಲ ಅಂದರೆ ಈ ಲೋಕ ಎಂದು ಯೇಸು ಸ್ವಾಮಿಯೇ ಬಿಡಿಸಿ ಹೇಳಿದ್ದಾರೆ. ಹೊಲ ಅಂದರೆ ಸಭೆ ಎಂದು ಹೇಳಲಿಲ್ಲ. ಸಭೆಯೊಳಗೆ ಒಬ್ಬ ಕೆಟ್ಟದ್ದು ಮಾಡುತ್ತಾ, ಪಶ್ಚಾತ್ತಾಪಪಟ್ಟು ದೇವರ ಕಡೆಗೆ ತಿರುಗದೆ ಇದ್ದರೆ ಏನು ಮಾಡಬೇಕು? 1 ಕೊರಿಂಥ 5:13 ನೋಡಿ. ಅವನನ್ನು ನಿಮ್ಮಿಂದ ಹೊರಗೆ ಹಾಕಿ ಎಂದು ಅಪೊಸ್ತಲ ಪೌಲ ಕೊರಿಂಥದ ಸಭೆಗೆ ನೇರವಾಗಿ ಬರೆದಿದ್ದಾನೆ. ನಿಮ್ಮ ಹಿರಿಯರು ಒಂದನ್ನು ಓದಿ ಇನ್ನೊಂದನ್ನು ಬಿಟ್ಟರು.

ರೋಮಾಪುರದವರಿಗೆ ಬರೆದ ಪತ್ರದಲ್ಲೂ ಹೀಗೇ ಆಗುತ್ತದೆ. 12ನೇ ಅಧ್ಯಾಯದ ಕೊನೆಯಲ್ಲಿ ಸೇಡು ದೇವರಿಗೆ ಬಿಡಿ ಎಂದಿದೆ. ಜನ ಅಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಅಧ್ಯಾಯದ ಅಂಕಿಗಳು 13ನೇ ಶತಮಾನದಲ್ಲಿ ಸೇರಿದವು, ಪೌಲ ಹಾಕಿದ್ದಲ್ಲ. ಅವನು ನಿಲ್ಲಿಸದೆ ಮುಂದೆ ಬರೆಯುತ್ತಾನೆ: ಕೆಟ್ಟದ್ದು ಮಾಡಿದವನನ್ನು ದಂಡಿಸಲೆಂದೇ ಅಧಿಕಾರಿಯ ಕೈಯಲ್ಲಿ ಕತ್ತಿ ಇದೆ, ಅವನು ಅದರಲ್ಲಿ ದೇವರ ಸೇವಕ (13:4). ಪೊಲೀಸರ ಹತ್ತಿರ ಹೋಗುವುದು ನಂಬಿಕೆ ಕಡಿಮೆ ಆದದ್ದರ ಗುರುತಲ್ಲ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಪ್ರಕಟನೆ ಬರೆದ ಯೋಹಾನ ಪತ್ಮೋಸ್ ದ್ವೀಪದಲ್ಲಿದ್ದ, ನಂಬಿಕೆಗಾಗಿ ಕಷ್ಟ ಅನುಭವಿಸುತ್ತಾ. ಅದನ್ನು ಓದಲಿದ್ದ ಪೆರ್ಗಮದ ಸಭೆಯಲ್ಲಿ ಅಂತಿಪ ಎಂಬವನನ್ನು ಕೊಂದಿದ್ದರು. ಆ ಹೆಸರು 2:13ರಲ್ಲಿ ಹಾಗೇ ಇದೆ. ಲೋಕಕ್ಕೆ ಅವನು ಲೆಕ್ಕಕ್ಕಿಲ್ಲದವನು, ಯೇಸು ಸ್ವಾಮಿ ಹೆಸರು ಹಿಡಿದು ಹೇಳುತ್ತಾರೆ. ಮುಂದೆ 6:10ರಲ್ಲಿ ಕೊಲೆಯಾದವರು ಕೂಗುತ್ತಾರೆ, ಇನ್ನೂ ಎಷ್ಟು ದಿನ ನ್ಯಾಯ ತೀರಿಸದೆ ಇರುತ್ತೀ ಎಂದು. ಪರಲೋಕದಲ್ಲೇ ನಿಂತು ಕೂಗುತ್ತಾರೆ. ಸುಮ್ಮನಿರಿ ಎಂದು ಯಾರೂ ಗದರುವುದಿಲ್ಲ. ಬಿಳಿ ಅಂಗಿ ಕೊಟ್ಟು, ಇನ್ನು ಸ್ವಲ್ಪ ಕಾಲ ಅನ್ನುತ್ತಾರೆ. ಆ ಸ್ವಲ್ಪ ಕಾಲ ನನಗೂ ಉದ್ದ ಅನ್ನಿಸುತ್ತದೆ, ಸುಳ್ಳು ಹೇಳಲಾರೆ.

ಇನ್ನೊಂದು. ಭಾನುವಾರ ನೀವು ಕೇಳಿದ್ದು 21ನೇ ಅಧ್ಯಾಯ. ಅದಕ್ಕೆ ಮೊದಲು 20 ಇದೆ. ಸೈತಾನ ಬೀಳುತ್ತಾನೆ. ಆಮೇಲೆ ಪುಸ್ತಕಗಳನ್ನು ತೆರೆಯುತ್ತಾರೆ, ಮಾಡಿದ್ದೆಲ್ಲ ಅದರಲ್ಲಿ ಬರೆದಿದೆ. ಆಮೇಲೆ ಮರಣ ಬೀಳುತ್ತದೆ. ಇಷ್ಟೆಲ್ಲ ಆದ ಮೇಲೆಯೇ ಕಣ್ಣೀರು ಒರಸುವುದು. ಏನೂ ಆಗಿಲ್ಲ ಎಂಬಂತೆ ಒರಸುವುದಿಲ್ಲ. ಮೊದಲು ಓದುತ್ತಾರೆ, ಆಮೇಲೆ ಒರಸುತ್ತಾರೆ. ನಿಮ್ಮ ಹಿರಿಯರು ಪುಸ್ತಕ ಮುಚ್ಚಿಟ್ಟು ಕಣ್ಣು ಒರಸಲು ಹೋದರು.

ದಾರಿಹೋಕ:

ಟೀಚರ್ ಮಾತು ಒಪ್ಪುತ್ತೇನೆ. ಆದರೆ ಕ್ಷಮಿಸುವುದು? ಇವರನ್ನು ಕ್ಷಮಿಸು ಎಂದು ಯೇಸು ಸ್ವಾಮಿ ಶಿಲುಬೆಯ ಮೇಲೆ ಮಾಡಿದ ಪ್ರಾರ್ಥನೆ ಇದೆಯಲ್ಲ. ಅವನು ತಿರುಗಿಕೊಂಡರೆ?

ಹಳೆಯ ಸಂಡೇ ಸ್ಕೂಲ್ ಟೀಚರ್:

ತಿರುಗಿಕೊಂಡರೆ ನಾನೇ ಮೊದಲು ದೇವರಿಗೆ ಸ್ತೋತ್ರ ಹೇಳುತ್ತೇನೆ. ಬೈಬಲಿನಲ್ಲಿ ಬರುವ ತೆರಿಗೆ ವಸೂಲಿಗಾರ ಜಕ್ಕಾಯ ತಿರುಗಿಕೊಂಡ ದಿನ ಎದ್ದು ನಿಂತು, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ಕೊಡುತ್ತೇನೆ ಎಂದ. ಮಾಡಿದ್ದನ್ನು ಬಾಯಿಬಿಟ್ಟು ಹೇಳಿದ. ಇವನು ಹೇಳಿದ್ದಾನಾ? ಕ್ಷಮೆ ಆ ಹೆಣ್ಣುಮಗಳು ತನ್ನ ಸಮಯಕ್ಕೆ ಕೊಡುವುದು. ನಾವು ಕೇಳಿ ಪಡೆಯುವುದಲ್ಲ.

ಅಕ್ಕ ಒಬ್ಬಳು:

ಟೀಚರ್, ನಿನ್ನೆ ರಾತ್ರಿ ನಿಮ್ಮ ಉತ್ತರವನ್ನು ತಂಗಿಗೆ ಓದಿ ಹೇಳಿದೆ. ಅಂತಿಪನ ಹೆಸರು ಬಂದಾಗ ಮತ್ತೊಮ್ಮೆ ಓದು ಅಂದಳು. ಆಮೇಲೆ ತುಂಬ ಹೊತ್ತು ಸುಮ್ಮನೆ ಕುಳಿತಿದ್ದಳು. ಆ ಪುಸ್ತಕದಲ್ಲಿ ಮೊದಲನೇ ದಿನದ್ದೂ ಇರುತ್ತದಾ ಅಕ್ಕ, ಅದನ್ನು ನಾನು ಯಾರಿಗೂ ಹೇಳಿಲ್ಲ, ಎಂದು ಕೇಳಿದಳು. ಇರುತ್ತದೆ ಅಂದೆ. ಹಾಗಾದರೆ ಹೇಳುತ್ತೇನೆ ಅಂದಳು. ಹೇಳಿದಳು. ಇಬ್ಬರೂ ಅತ್ತೆವು.

ಬೆಳಿಗ್ಗೆ ಎದ್ದಾಗ ಅವಳು ಕೈಯ ಎಕ್ಸ್‌ರೇ ಹುಡುಕಿ ಮೇಜಿನ ಮೇಲೆ ಇಟ್ಟಿದ್ದಳು. ನಾಳೆ ಪೊಲೀಸ್ ಠಾಣೆಗೆ ಹೋಗುತ್ತಿದ್ದೇವೆ. ನಮಗಾಗಿ ಪ್ರಾರ್ಥಿಸಿ.