ಹಾಡಿಯಿಂದ ಬರುವ ಹುಡುಗಿಯರು ಸಂಘದ ಸಭೆಗೆ ಬರುತ್ತಿಲ್ಲ, ಏನು ಮಾಡೋದು?

ಪ್ರಶ್ನೆ (ಅಂತಿಮ ಬಿ.ಎ., ದಕ್ಷಿಣ ಕೊಡಗು):
ನಮ್ಮ ಕಾಲೇಜಿನ ವಿದ್ಯಾರ್ಥಿ ಸಂಘಕ್ಕೆ ನಾನು ಕಾರ್ಯದರ್ಶಿ. ತಿತಿಮತಿ ಕಡೆಯ ಹಾಡಿಗಳಿಂದ, ಅಂದರೆ ಆದಿವಾಸಿಗಳ ಕೇರಿಗಳಿಂದ, ಏಳು ಹುಡುಗಿಯರು ಬರುತ್ತಾರೆ. ಒಬ್ಬರೂ ಸಭೆಗೆ ಕೂರುವುದಿಲ್ಲ. ನೋಟಿಸ್ ಹಾಕಿದೆವು, ಕ್ಲಾಸಿಗೇ ಹೋಗಿ ಕರೆದೆವು. ‘ನೋಡೋಣ ಅಕ್ಕಾ’ ಅಂತಾರೆ, ಅಷ್ಟೇ.

ಕಳೆದ ವಾರ ಅವರಲ್ಲೊಬ್ಬಳು ಫೋನಿನಲ್ಲಿ ಅಮ್ಮನ ಜೊತೆ ಎರವ ಭಾಷೆಯಲ್ಲಿ ಮಾತಾಡುತ್ತಿದ್ದಳು. ಹಿಂದಿನ ಬೆಂಚಿನ ಇಬ್ಬರು ಹುಡುಗರು ಅದೇ ರಾಗದಲ್ಲಿ ಅಣಕಿಸಿದರು. ಅವಳು ತಟ್ಟನೆ ಫೋನ್ ಇಟ್ಟುಬಿಟ್ಟಳು. ನಾನು ಅಲ್ಲೇ ಇದ್ದೆ, ಸುಮ್ನೆ ಇದ್ದೆ. ಅದು ಇನ್ನೂ ಮನಸ್ಸನ್ನು ಕೊರೆಯುತ್ತಿದೆ. ನಮ್ಮ ಮನೆಮಾತು ಕೊಡವ ತಕ್ಕ್. ಅದನ್ನು ಯಾರಾದರೂ ಹೀಗೆ ಆಡಿಕೊಂಡರೆ ನಮಗೆಷ್ಟು ಉರಿಯುತ್ತದೆ, ಅಲ್ವಾ?

ಉತ್ತರ 1 (ಹಾಡಿಯಲ್ಲೇ ಬೆಳೆದವಳು, ಈಗ ನರ್ಸ್):
ತಂಗಿ, ಸಭೆ ಎಷ್ಟು ಗಂಟೆಗೆ? ನಾಲ್ಕರ ಮೇಲಾದರೆ ನಾನೂ ಬರುತ್ತಿರಲಿಲ್ಲ. ಬಸ್ ಇಳಿದು ಕಾಡಂಚಿನಲ್ಲಿ ಎರಡು ಕಿಲೋಮೀಟರ್ ನಡೆಯಬೇಕಿತ್ತು. ಮಳೆಗಾಲದಲ್ಲಿ ಸಂಜೆ ಬೇಗ ಮಬ್ಬಾಗುತ್ತದೆ, ಆನೆ ನಿಂತಿದ್ದರೂ ಕಾಣುವುದಿಲ್ಲ. 2023ರಿಂದ ‘ಶಕ್ತಿ’ ಯೋಜನೆಯಲ್ಲಿ ಟಿಕೆಟ್ ಉಚಿತ, ಸರಿ. ಆದರೆ ಬಸ್ಸೇ ತಪ್ಪಿಹೋದರೆ? ಊಟದ ಬಿಡುವಿನಲ್ಲಿ ಸಭೆ ಇಡಿ.

ಇನ್ನೊಂದು ಮಾತು. ಕಾಲೇಜ್ ಡೇ ಬಂದರೆ ‘ನಿಮ್ಮ ಕುಣಿತ ಮಾಡಿ’ ಅಂತ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದರು. ಖಜಾಂಚಿ ಆಗ್ತೀಯಾ ಅಂತ ಮೂರು ವರ್ಷದಲ್ಲಿ ಯಾರೂ ಕೇಳಲಿಲ್ಲ.

ಉತ್ತರ 2 (ಉಪನ್ಯಾಸಕ, ಮಡಿಕೇರಿ):
ಅಣಕಿಸಿದ್ದನ್ನು ತಮಾಷೆ ಅಂತ ಬಿಡಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ರ‍್ಯಾಗಿಂಗ್ ತಡೆ ನಿಯಮ 2009ರದು. ಭಾಷೆ, ಜಾತಿ, ಹುಟ್ಟೂರು, ಬಡತನದ ನೆಪದಲ್ಲಿ ಕಾಡುವುದು, ದೂರ ಇಡುವುದು ಕೂಡ ರ‍್ಯಾಗಿಂಗೇ ಅಂತ 2016ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಸಹಾಯವಾಣಿ 1800-180-5522, ಹಗಲು ರಾತ್ರಿ ಇರುತ್ತದೆ. ಆದರೆ ದೂರು ಕೊಡುವ ಮೊದಲು ಅವಳನ್ನು ಕೇಳಿ.

ಲೈಂಗಿಕ ಕಿರುಕುಳದ ದೂರಿಗೆ ಬೇರೆ ಸಮಿತಿ ಇದೆ. ಯುಜಿಸಿಯ 2015ರ ನಿಯಮದಂತೆ, ವಿದ್ಯಾರ್ಥಿಗಳ ವಿಷಯ ಬಂದಾಗ ಅದರಲ್ಲಿ ಆಯ್ಕೆಯಾದ ಮೂವರು ವಿದ್ಯಾರ್ಥಿಗಳೂ ಇರಬೇಕು. ನಿಮ್ಮಲ್ಲಿ ಅವರು ಯಾರು, ಗೊತ್ತಾ? ನಾನು ಹಿಂದೆ ಇದ್ದ ಕಡೆ ಗೋಡೆಯ ಮೇಲೆ ಹೆಸರುಗಳಿದ್ದವು. ಅವರಲ್ಲಿ ಇಬ್ಬರು ಪಾಸಾಗಿ ಹೋಗಿ ಎರಡು ವರ್ಷವಾಗಿತ್ತು.

ಪ್ರಶ್ನೆ ಕೇಳಿದವಳು:
ಸಭೆಯನ್ನು ಬುಧವಾರ ಮಧ್ಯಾಹ್ನ 1.15ಕ್ಕೆ ತಂದಿದ್ದೇವೆ. ಮೊದಲು ಅವಳ ಹತ್ತಿರ ಹೋಗಿ ತಪ್ಪಾಯ್ತು ಅಂದೆ. ‘ನೀವು ಅಲ್ಲೇ ಇದ್ರಿ, ನಾನು ನೋಡಿದೆ’ ಅಂದಳು. ದೂರು ಈಗಲೇ ಬೇಡವಂತೆ. ಖಜಾಂಚಿ ಆಗ್ತೀಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಲೆಕ್ಕದ ಪುಸ್ತಕ ತೋರಿಸಿ ಅಂದಳು.