ಮಣಿಪಾಲದ ವಾರ್ಡಿನಿಂದ ನಗರಸಭೆಗೆ ಸ್ಪರ್ಧೆ: ವಿದ್ಯಾರ್ಥಿಗಳ ಮತವನ್ನು ನೆಚ್ಚಿಕೊಳ್ಳಬಹುದೇ?

ಪ್ರಶ್ನೆ – ಬೈಂಡಿಂಗ್ ಅಂಗಡಿಯವನು

ಮಾನ್ಯರೇ, ಮಣಿಪಾಲದಲ್ಲಿ ಹನ್ನೊಂದು ವರ್ಷಗಳಿಂದ ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ ನಡೆಸುತ್ತಿದ್ದೇನೆ. ಉಡುಪಿ ನಗರಸಭೆಯ ಮುಂದಿನ ಚುನಾವಣೆಯಲ್ಲಿ ಪಕ್ಷೇತರನಾಗಿ ನಿಲ್ಲುವ ಯೋಚನೆ ಇದೆ. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಪಿಜಿಗಳೇ ಹೆಚ್ಚು. ಕಸದ ಗಾಡಿ ಬರುವುದು ಬೆಳಿಗ್ಗೆ ಏಳೂವರೆಗೆ. ರಾತ್ರಿ ಎರಡರವರೆಗೆ ಓದಿದ ಹುಡುಗರು ಆ ಹೊತ್ತಿಗೆ ಏಳುವುದಿಲ್ಲವಾದ್ದರಿಂದ ಚೀಲಗಳನ್ನು ರಾತ್ರಿಯೇ ದೀಪದ ಕಂಬದ ಬುಡದಲ್ಲಿ ಇಟ್ಟುಬಿಡುತ್ತಾರೆ, ಬೆಳಗಾಗುವಷ್ಟರಲ್ಲಿ ನಾಯಿಗಳು ಅವನ್ನು ರಸ್ತೆಯುದ್ದಕ್ಕೂ ಹರಡಿರುತ್ತವೆ. ಸಂಜೆಯೊಂದು ಗಾಡಿ ಬಂದರೆ ಮುಗಿಯುವ ಈ ಸಮಸ್ಯೆಯನ್ನು ಸಭೆಯಲ್ಲಿ ಎತ್ತುವವರೊಬ್ಬರು ಬೇಕು ಅನಿಸಿದೆ. ವಿದ್ಯಾರ್ಥಿಗಳಿಗೆಲ್ಲ ನನ್ನ ಪರಿಚಯವಿರುವುದರಿಂದ ಅವರ ಮತದಲ್ಲೇ ಗೆಲ್ಲಬಹುದೆಂದು ಸ್ನೇಹಿತರು ಹೇಳುತ್ತಾರೆ. ಈ ಲೆಕ್ಕ ಸರಿಯೇ?

ಉತ್ತರ – ಹಳೆಯ ಮತಗಟ್ಟೆ ಅಧಿಕಾರಿ

ಮೊದಲು ಮತದಾರರ ಪಟ್ಟಿಯನ್ನು ನೋಡಿ, ಸ್ನೇಹಿತರ ಲೆಕ್ಕವನ್ನು ಆಮೇಲೆ ನೋಡಿದರಾಯಿತು. ವಾರ್ಡಿನ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭಾ ಕ್ಷೇತ್ರದ ಪಟ್ಟಿಯಿಂದಲೇ. ಹಾಸ್ಟೆಲಿನಲ್ಲೋ ಪಿಜಿಯಲ್ಲೋ ಇದ್ದು ಓದುತ್ತಿರುವವರು ತಮ್ಮ ಹೆಸರನ್ನು ಹುಟ್ಟೂರಿನಲ್ಲಾದರೂ ಓದುವ ಊರಿನಲ್ಲಾದರೂ ಇಟ್ಟುಕೊಳ್ಳಬಹುದು, ಆದರೆ ಎರಡೂ ಕಡೆ ಇರುವಂತಿಲ್ಲ. ಬಹುತೇಕರು ಊರಿನ ಮತವನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಒಪ್ಪಿದವರೂ ಹೊಸ ಹೆಸರಿಗೆ ನಮೂನೆ 6, ಸ್ಥಳ ಬದಲಾವಣೆಗೆ ನಮೂನೆ 8 ತುಂಬಿ, ವಾಸದ ಪುರಾವೆ ಕೊಟ್ಟು ಕಾಯಬೇಕು. ಹದಿನೆಂಟು ತುಂಬಿದವರನ್ನು ಸೇರಿಸಿಕೊಳ್ಳಲು ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಎಂದು ನಾಲ್ಕು ಅರ್ಹತಾ ದಿನಾಂಕಗಳಿರುವುದು ಅನುಕೂಲವೇ ಆದರೂ, ಮತದಾನ ರಜೆಯಲ್ಲಿ ಬಂದರೆ ಪಟ್ಟಿಯಲ್ಲಿ ಹೆಸರಿರುವ ಹುಡುಗ ಮತಗಟ್ಟೆಗೆ ಬರುವುದಿಲ್ಲ. ರಸ್ತೆಯಲ್ಲಿ ನಿಮಗೆ ಕೈಬೀಸುವವರೆಲ್ಲ ಮತದಾರರಲ್ಲ ಎಂಬುದನ್ನು ಈಗಲೇ ಒಪ್ಪಿಕೊಳ್ಳಿ.

ಇನ್ನೊಂದು ವಿಷಯ ಗಡಿಯದು. ಮಣಿಪಾಲ ಎಂದು ನಾವು ಬಾಯಿಮಾತಿನಲ್ಲಿ ಕರೆಯುವ ಪ್ರದೇಶವೆಲ್ಲ ನಗರಸಭೆಗೆ ಸೇರಿಲ್ಲ. ಪಕ್ಕದಲ್ಲೇ 80ನೇ ಬಡಗಬೆಟ್ಟು ಗ್ರಾಮ ಪಂಚಾಯಿತಿ ಇದೆ. ಅಂಗಡಿ ಎಲ್ಲಿದೆ ಎಂಬುದು ಮುಖ್ಯವಲ್ಲ, ನಿಮ್ಮ ಹೆಸರು ನಗರಸಭೆಯ ಯಾವುದಾದರೊಂದು ವಾರ್ಡಿನ ಪಟ್ಟಿಯಲ್ಲಿರಬೇಕು, ವಯಸ್ಸು 21 ಆಗಿರಬೇಕು. ಹೆಸರು ಒಂದು ವಾರ್ಡಿನಲ್ಲಿದ್ದು ಮತ್ತೊಂದು ವಾರ್ಡಿನಿಂದ ಸ್ಪರ್ಧಿಸಲು ಅಡ್ಡಿಯಿಲ್ಲ, ಆದರೆ ಸೂಚಕರು, ಅಂದರೆ ನಾಮಪತ್ರದಲ್ಲಿ ನಿಮ್ಮ ಹೆಸರನ್ನು ಸೂಚಿಸಿ ಸಹಿ ಹಾಕುವವರು, ನೀವು ನಿಲ್ಲುವ ವಾರ್ಡಿನವರೇ ಆಗಿರಬೇಕು. ನಗರಸಭೆಗೆ ಮುದ್ರಣವನ್ನೋ ಲೇಖನ ಸಾಮಗ್ರಿಯನ್ನೋ ಪೂರೈಸುವ ಗುತ್ತಿಗೆ ನಿಮ್ಮ ಅಂಗಡಿಗೆ ಇದ್ದರೆ ಅನರ್ಹತೆಯ ಪ್ರಶ್ನೆ ಏಳುತ್ತದೆ. ತೆರಿಗೆ ಬಾಕಿಯನ್ನೂ ತೀರಿಸಿ ರಸೀದಿ ಇಟ್ಟುಕೊಳ್ಳಿ. ಮೀಸಲಾತಿ ಪಟ್ಟಿ ಹೊರಬೀಳುವವರೆಗೆ ಬ್ಯಾನರ್ ಮಾಡಿಸಬೇಡಿ. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದು ಸರದಿಯಂತೆ ಬದಲಾಗುವುದರಿಂದ, ಐದು ವರ್ಷ ದುಡಿದ ವಾರ್ಡು ಒಂದೇ ಅಧಿಸೂಚನೆಯಲ್ಲಿ ಕೈತಪ್ಪಿದವರನ್ನು ನಾನು ಕಂಡಿದ್ದೇನೆ.

ಉತ್ತರ – ಈಶ್ವರನಗರದ ಗೃಹಿಣಿ

ಮೇಲಿನ ಹಿರಿಯರು ಹೇಳಿದ್ದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ಮತ ಹಾಕುವವರು ಇಲ್ಲೇ ನೆಲೆಸಿದ ನಮ್ಮಂಥವರು, ಮತ್ತು ನೀವು ಬಾಗಿಲಿಗೆ ಬಂದಾಗ ನಾವು ಮೊದಲು ಕೇಳುವುದು ನೀರಿನ ವಿಷಯ. ಸ್ವರ್ಣಾ ನದಿಯ ಬಜೆ ಅಣೆಕಟ್ಟು 2019ರ ಬೇಸಿಗೆಯಲ್ಲಿ ಬತ್ತಿದಾಗ ಟ್ಯಾಂಕರಿಗೆ ಕಾದದ್ದು ಯಾರಿಗೂ ಮರೆತಿಲ್ಲ. ಪಿಜಿ ಕಟ್ಟಡಗಳ ಬಗ್ಗೆಯೂ ಜಾಗ್ರತೆಯಿಂದ ಮಾತಾಡಿ. ರಾತ್ರಿಯ ಬೈಕುಗಳ ಸದ್ದಿಗೆ ಬೈಯುವ ಅದೇ ಮನೆಯವರು ಮಹಡಿಯ ಎರಡು ಕೋಣೆಗಳನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟಿರುತ್ತಾರೆ (ನಮ್ಮ ಮನೆಯೂ ಅದಕ್ಕೆ ಹೊರತಲ್ಲ). ಉಡುಪಿಯಿಂದ ಮಣಿಪಾಲದ ಮೂಲಕ ಹೋಗುವ ದೊಡ್ಡ ರಸ್ತೆಯ ಗುಂಡಿ ಮುಚ್ಚಿಸುತ್ತೇನೆಂದು ಮಾತ್ರ ಮಾತು ಕೊಡಬೇಡಿ, ಅದು 169ಎ ರಾಷ್ಟ್ರೀಯ ಹೆದ್ದಾರಿ. ನಗರಸಭಾ ಸದಸ್ಯರ ಕೈಯಲ್ಲಿಲ್ಲ. ಸಂಜೆಯ ಕಸದ ಗಾಡಿ ಒಳ್ಳೆಯ ಮಾತು, ಅದನ್ನೇ ಹೇಳಿ.

ಉತ್ತರ – ಹವ್ಯಾಸಿ ವರದಿಗಾರ

35 ಸ್ಥಾನಗಳ ಈ ನಗರಸಭೆಯಲ್ಲಿ 2018ರಲ್ಲಿ ಬಿಜೆಪಿ 31, ಕಾಂಗ್ರೆಸ್ 4 ಗೆದ್ದಿದ್ದವು. ಪಕ್ಷೇತರರಿಗೆ ಒಂದೂ ಸಿಗಲಿಲ್ಲ. ಆಗಸ್ಟ್ 31ರಂದು ಮತದಾನವಾದರೂ ಅಧ್ಯಕ್ಷ ಸ್ಥಾನದ ಮೀಸಲಾತಿ ವಿವಾದದಿಂದಾಗಿ ಅಧ್ಯಕ್ಷರ ಆಯ್ಕೆ 2020ರ ಅಕ್ಟೋಬರ್‌ವರೆಗೆ ನಡೆಯಲೇ ಇಲ್ಲ. ಗೆದ್ದವರು ಅಷ್ಟು ಕಾಲ ಅಧಿಕಾರವಿಲ್ಲದೆ ಕಾಯಬೇಕಾಯಿತು. ಪಕ್ಷೇತರನಾಗಿ ಗೆದ್ದು ಆಮೇಲೆ ಪಕ್ಷ ಸೇರೋಣ ಎಂಬ ಆಲೋಚನೆಯೂ ಬೇಡ, 1987ರ ಪಕ್ಷಾಂತರ ನಿಷೇಧ ಕಾಯಿದೆ ಸ್ಥಳೀಯ ಸಂಸ್ಥೆಗಳಿಗೂ ಇದೆ.

ಪ್ರಶ್ನೆ ಕೇಳಿದವನ ಮರುನುಡಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಪ್ರಾಜೆಕ್ಟ್ ವರದಿ ಬೈಂಡ್ ಮಾಡಿಸಲು ಬಂದ ಹದಿನಾಲ್ಕು ಮಂದಿಯನ್ನು ಮತ ಎಲ್ಲಿದೆ ಎಂದು ಕೇಳಿದೆ. ಇಲ್ಲಿ ಇರುವುದು ಒಬ್ಬಳಿಗೆ, ಅವಳೂ ಇಂದ್ರಾಳಿಯ ಮನೆಯ ಹುಡುಗಿ. ನನ್ನ ಸ್ವಂತ ಹೆಸರು ಮದುವೆಗೆ ಮುಂಚೆ ಇದ್ದ ಹಿರಿಯಡಕದ ಮನೆಯ ವಿಳಾಸದಲ್ಲೇ ಉಳಿದಿದೆ. ನಾಳೆ ಮೊದಲು ನನ್ನದೇ ನಮೂನೆ 8 ತುಂಬುತ್ತೇನೆ.