ಇನ್ಸುಲಿನ್ ಚುಚ್ಚುವ ಮೊದಲು ಸ್ಪಿರಿಟ್ ಹಚ್ಚಲೇಬೇಕೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ:
ನನ್ನ ತಾಯಿಯವರಿಗೆ ಇನ್ನು ಮುಂದೆ ಮನೆಯಲ್ಲಿಯೇ ಇನ್ಸುಲಿನ್ ಕೊಡಬೇಕಾಗಿದೆ. ಪ್ರತಿ ಸಲವೂ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಬೇಕೆಂದು ಒಬ್ಬ ನರ್ಸ್ ಹೇಳಿದರು, ಅಗತ್ಯವೇ ಇಲ್ಲವೆಂದು ಇನ್ನೊಬ್ಬರು ಹೇಳಿದರು. ತಾಯಿಯವರ ಚರ್ಮ ಬಹಳ ತೆಳು, ಬೇಗ ಒಣಗುತ್ತದೆ. ಮನೆಯಲ್ಲಿ ಚುಚ್ಚಿಕೊಳ್ಳುವವರು ಏನು ಮಾಡುತ್ತೀರಿ?

ಬಾಲ್ಯದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು:
ನಾನು ಸ್ಪಿರಿಟ್ ಬಿಟ್ಟು ದಶಕಗಳೇ ಆದವು, ಇದುವರೆಗೆ ಒಮ್ಮೆಯೂ ಕೀವು ಕಟ್ಟಿಲ್ಲ. ಚಿಕ್ಕಂದಿನಲ್ಲಿ ಮನೆಯವರು ಒದ್ದೆ ಹತ್ತಿಯಿಂದ ತೊಡೆಯನ್ನು ತಿಕ್ಕಿ, ಅದು ಆರುವ ಮೊದಲೇ ಸೂಜಿ ಇಳಿಸುತ್ತಿದ್ದರು. ಸೂಜಿಯೊಂದಿಗೆ ಒಳಹೋದ ಸ್ಪಿರಿಟ್‌ನ ಉರಿಯನ್ನು ಔಷಧದ ಉರಿಯೆಂದೇ ನಂಬಿ ಎಷ್ಟೋ ವರ್ಷ ಅಳುತ್ತಾ ಚುಚ್ಚಿಸಿಕೊಂಡೆ. ಚರ್ಮ ಬಿರಿಯಿತು, ಬಿರುಕಿಗೆ ಮುಲಾಮು ಬಂತು, ಮುಲಾಮು ಒಗ್ಗದೆ ತುರಿಕೆ ಬಂತು, ತುರಿಸಿದ ಜಾಗದಲ್ಲಿ ಚುಚ್ಚಲಾಗದೆ ಎರಡೂ ತೊಡೆಗಳನ್ನು ಬಿಟ್ಟು ಹೊಟ್ಟೆಗೆ ಬರಬೇಕಾಯಿತು. ಚರ್ಮವನ್ನು ಒರೆಸದೆಯೇ ಕೊಟ್ಟ 5000ಕ್ಕೂ ಹೆಚ್ಚು ಚುಚ್ಚುಮದ್ದುಗಳಲ್ಲಿ ಒಂದರಲ್ಲೂ ಸೋಂಕಾಗಲಿಲ್ಲವೆಂಬ ವರದಿ 1969ರಲ್ಲಿಯೇ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಇಷ್ಟಾದರೂ ಇಂದಿಗೂ ಮಕ್ಕಳನ್ನು ಹೀಗೆ ಅಳಿಸುತ್ತಿರುವುದನ್ನು ಕಂಡರೆ ನನಗೆ ಕೋಪ ಬರುತ್ತದೆ.

ಮೂತ್ರಪಿಂಡ ಕಸಿಯಾದವರ ಪತ್ನಿ:
ಆ ಲೆಕ್ಕ ನಮ್ಮ ಯಜಮಾನರಿಗೆ ಅನ್ವಯಿಸಲಿಲ್ಲ ಸರ್. ಕಸಿಯ ನಂತರ ಅವರು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮಾತ್ರೆಗಳ ಮೇಲಿದ್ದಾರೆ. ನೋವಿಗೆಂದು ಒಂದು ಕ್ಲಿನಿಕ್‌ನಲ್ಲಿ ಪೃಷ್ಠಕ್ಕೆ ಚುಚ್ಚಿದಾಗ ಯಾರೂ ಚರ್ಮವನ್ನು ಒರೆಸಲಿಲ್ಲ; ನಾನು ಪಕ್ಕದಲ್ಲಿಯೇ ನಿಂತಿದ್ದೆ. ಮೊದಲು ಗಟ್ಟಿಯಾದ ಊತ, ಆಮೇಲೆ ಚಳಿಜ್ವರ, ಸ್ಕ್ಯಾನ್ ಮಾಡಿದಾಗ ಆಳದಲ್ಲಿ ಕೀವು. ಕೊಯ್ದು ಕೀವು ತೆಗೆದ ಮೇಲೆ ಗಾಯವನ್ನು ಹೊಲಿಯದೆ ಒಳಗೆ ಗಾಜ್ ಬಟ್ಟೆ ತುಂಬಿ, ಪ್ರತಿದಿನ ಅದನ್ನು ಎಳೆದು ಹೊಸದನ್ನು ತುಂಬುತ್ತಿದ್ದರು. ಆ ಹೊತ್ತಿಗೆ ಅವರ ಕೈ ಹಿಡಿದುಕೊಂಡಿರುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು. ಸೋಂಕು ಇಳಿಯಲೆಂದು ಕಸಿಯ ಮಾತ್ರೆಗಳನ್ನು ಕಡಿಮೆ ಮಾಡಿದರು, ಅದರ ಬೆನ್ನಿಗೆ ಮೂತ್ರಪಿಂಡ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನಿನ್ ಏರಿತು, ಮೂತ್ರಪಿಂಡದ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಯ ಮಾತೂ ಬಂತು. ಒಂದು ತುಂಡು ಹತ್ತಿಯನ್ನು ಉಳಿಸಿದ್ದಕ್ಕೆ ನಾವು ತೆತ್ತದ್ದು ಇಷ್ಟು. ಇಂದು ನಮ್ಮ ಮನೆಯಲ್ಲಿ ಸ್ಪಿರಿಟ್ ಇಲ್ಲದೆ ಸೂಜಿ ಮೈ ಮುಟ್ಟುವುದಿಲ್ಲ.

ನಿವೃತ್ತ ನರ್ಸ್:
ಇನ್ಸುಲಿನ್‌ನಂಥ ಚರ್ಮದಡಿಯ ಚುಚ್ಚುಮದ್ದನ್ನೂ ಪೃಷ್ಠಕ್ಕೆ ಕೊಡುವಂಥ ಸ್ನಾಯುವಿನ ಚುಚ್ಚುಮದ್ದನ್ನೂ ಒಂದೇ ಎಂದು ವಾದಿಸಿದರೆ ಯಾರಿಗೂ ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2010ರ ಮಾರ್ಗದರ್ಶಿಯ ಪ್ರಕಾರ ಚರ್ಮದಡಿಗೆ ಕೊಡುವಾಗ ಸೋಪು ನೀರು ಸಾಕು. ಚಿಕಿತ್ಸೆಗಾಗಿ ಸ್ನಾಯುವಿಗೆ ಕೊಡುವಾಗ 60ರಿಂದ 70 ಪ್ರತಿಶತದ ಆಲ್ಕೋಹಾಲ್‌ನಿಂದ, ಅಂದರೆ ಸ್ಪಿರಿಟ್‌ನಿಂದ, ಮಧ್ಯದಿಂದ ಹೊರಕ್ಕೆ 30 ಸೆಕೆಂಡು ಒರೆಸಿ, ಪೂರ್ತಿ ಆರಿದ ಮೇಲೆಯೇ ಚುಚ್ಚಬೇಕು. ಒರೆಸಿದ ತಕ್ಷಣ ಚುಚ್ಚಿದರೆ ಉರಿಯಷ್ಟೇ ಲಾಭ. ಸ್ಪಿರಿಟ್‌ನಲ್ಲಿ ಹತ್ತಿಯನ್ನು ಮೊದಲೇ ನೆನೆಸಿಡುವ ಡಬ್ಬಿಯನ್ನು ಅದೇ ಮಾರ್ಗದರ್ಶಿ ನಿಷೇಧಿಸಿದೆ, ಏಕೆಂದರೆ ಕೈ ಹಾಕಿದಂತೆಲ್ಲ ಅದರೊಳಗೆ ಬ್ಯಾಕ್ಟೀರಿಯಾ ಸೇರುತ್ತದೆ. ನಮ್ಮ ವಾರ್ಡಿನಿಂದ ಆ ಡಬ್ಬಿಯನ್ನು ತೆಗೆಸಲು ನಾನು ಮೇಲ್ವಿಚಾರಕರೊಂದಿಗೆ ಜಗಳವಾಡಿದ್ದೇನೆ, ರಜೆಯ ಅರ್ಜಿಗಳು ಮೂಲೆ ಸೇರಿದರೂ ಪಟ್ಟು ಬಿಟ್ಟಿಲ್ಲ. ಮೇಲೆ ಯಜಮಾನರ ಬಗ್ಗೆ ಬರೆದವರಿಗೆ ಒಂದು ಮಾತು: ಕೀವಿಗೆ ಚರ್ಮವೇ ಕಾರಣವೆಂದು ಹೇಗೆ ನಿರ್ಧರಿಸಿದಿರಿ? ತೊಳೆಯದ ಕೈಗಳಿಂದಲೂ, ಹಲವರಿಗೆ ಬಳಸಿದ ಸೀಸೆಯ ಒರೆಸದ ರಬ್ಬರ್ ಮುಚ್ಚಳದಿಂದಲೂ ಸೋಂಕು ಒಳಹೋಗುತ್ತದೆ.

ಮೂತ್ರಪಿಂಡ ಕಸಿಯಾದವರ ಪತ್ನಿ:
ಸಿಸ್ಟರ್, ಕಾರಣ ಹುಡುಕುವುದು ನನ್ನ ಕೆಲಸವಲ್ಲ. ಸ್ನಾಯುವಿಗೆ ಆಲ್ಕೋಹಾಲ್ ಬೇಕೆಂದು ನೀವೇ ಬರೆದಿದ್ದೀರಿ, ಅದನ್ನು ಅವರು ಹಚ್ಚಲಿಲ್ಲವೆಂದು ನಾನು ಬರೆದಿದ್ದೇನೆ. ಆ ಗಾಯದ ಆಳವನ್ನು ಕಣ್ಣಾರೆ ಕಂಡವಳನ್ನು ಪಾಟೀ ಸವಾಲಿಗೆ ನಿಲ್ಲಿಸಬೇಡಿ.

ಬಾಲ್ಯದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು:
ಅಮ್ಮಾ, ನಿಮ್ಮ ನೋವು ದೊಡ್ಡದು, ಆದರೆ ಇಲ್ಲಿ ಕೇಳಿರುವುದು ಇನ್ಸುಲಿನ್ ಬಗ್ಗೆ. ಬಟ್ಟೆಯ ಮೇಲಿಂದಲೇ ಚುಚ್ಚಿಕೊಂಡವರ ಅಧ್ಯಯನ 1997ರಲ್ಲಿ ಡಯಾಬಿಟಿಸ್ ಕೇರ್ ಪತ್ರಿಕೆಯಲ್ಲಿ ಬಂದಿದೆ. 13,000ಕ್ಕೂ ಹೆಚ್ಚು ಚುಚ್ಚುಮದ್ದುಗಳಲ್ಲಿ ಸೋಂಕು ಕಾಣಲಿಲ್ಲ. ಪ್ರಯಾಣದಲ್ಲಿ ನಾನೂ ಅಂಗಿಯ ಮೇಲಿಂದಲೇ ಚುಚ್ಚಿಕೊಳ್ಳುತ್ತೇನೆ.

ನಿವೃತ್ತ ನರ್ಸ್:
ಇದನ್ನು ಓದಿ ಹೊಸಬರೊಬ್ಬರು ಅಂಗಿಯ ಮೇಲೆ ಚುಚ್ಚತೊಡಗಿದರೆ ಹೊಣೆ ಯಾರು? ಬಟ್ಟೆಯ ಅಡಿಯಲ್ಲಿ ಚರ್ಮ ಕಾಣುವುದಿಲ್ಲ, ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಆದ ಕೊಬ್ಬಿನ ಗಂಟುಗಳು ಕೈಗೆ ಸಿಗುವುದಿಲ್ಲ. ಗಂಟಿನೊಳಗೆ ಹೋದ ಇನ್ಸುಲಿನ್ ಒಮ್ಮೆ ತಡವಾಗಿ, ಒಮ್ಮೆ ಬೇಗ ರಕ್ತಕ್ಕೆ ಸೇರುತ್ತದೆ. ನೀವು ಸೂಜಿಯನ್ನಾದರೂ ಪ್ರತಿ ಸಲ ಬದಲಾಯಿಸುತ್ತೀರಾ?

ಬಾಲ್ಯದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು:
ಸೂಜಿಯನ್ನೂ ಬದಲಾಯಿಸುತ್ತೇನೆ, ಜಾಗವನ್ನೂ ಬದಲಾಯಿಸುತ್ತೇನೆ. ಸ್ಪಿರಿಟ್ ಹಚ್ಚದವರೆಲ್ಲರೂ ಸೋಮಾರಿಗಳೆಂಬ ಈ ಧೋರಣೆಯನ್ನು ಆಸ್ಪತ್ರೆಯ ಕಾರಿಡಾರುಗಳಲ್ಲಿ ಬೇಕಾದಷ್ಟು ಸಹಿಸಿದ್ದೇನೆ, ಇಲ್ಲಿಯೂ ಸಹಿಸಲಾರೆ.

ಮಗನಿಗೆ ಇನ್ಸುಲಿನ್ ಕೊಡುವ ತಂದೆ:
ನಾವು ಹೊಟ್ಟೆಗೆ ಸ್ಪಿರಿಟ್ ಹಚ್ಚುವುದಿಲ್ಲ. ಸೋಪಿನಿಂದ ಕೈ ತೊಳೆಯದೆ ಮಾತ್ರ ಇನ್ಸುಲಿನ್ ಪೆನ್ ಮುಟ್ಟುವುದಿಲ್ಲ, ಇನ್ಸುಲಿನ್ ಸೀಸೆಯನ್ನು ಬಳಸುವ ದಿನಗಳಲ್ಲಿ ಅದರ ರಬ್ಬರ್ ಮುಚ್ಚಳವನ್ನು ಒರೆಸದೆ ಔಷಧ ಎಳೆಯುವುದಿಲ್ಲ. ರಕ್ತದ ಸಕ್ಕರೆ ನೋಡುವಾಗಲೂ ಬೆರಳನ್ನು ತೊಳೆದು ಒಣಗಿಸಲೇಬೇಕು. ಹಣ್ಣು ಮುಟ್ಟಿದ ಬೆರಳಿನಿಂದ ಬಂದ ತಪ್ಪು ಅಂಕಿಯನ್ನು ನಂಬಿ ಆಸ್ಪತ್ರೆಯವರೊಬ್ಬರು ಮಗನಿಗೆ ಹೆಚ್ಚಿನ ಇನ್ಸುಲಿನ್ ಕೊಟ್ಟರು. ಸಕ್ಕರೆ ಕುಸಿದು ಅವನು ಬೆವತು ನಡುಗಿ ಮಾತು ತೊದಲಿದ ಆ ರಾತ್ರಿಯ ಬಗ್ಗೆ ಅವರ ದಾಖಲೆಯಲ್ಲಿ ಒಂದು ಸಾಲೂ ಇಲ್ಲ. ಪ್ರಶ್ನೆ ಕೇಳಿದವರೇ, ನಿಮ್ಮ ತಾಯಿಯವರ ರೋಗನಿರೋಧಕ ಶಕ್ತಿ ಕುಗ್ಗಿದೆಯೇ ಎಂಬುದನ್ನು ನೀವು ಬರೆದಿಲ್ಲ, ಇಲ್ಲಿ ಯಾರೂ ಕೇಳಿಯೂ ಇಲ್ಲ. ಅದನ್ನು ಮೊದಲು ಅವರ ವೈದ್ಯರ ಬಳಿ ವಿಚಾರಿಸಿ.